ಹಬ್ಬದ ಬೆಳಗಿನ ಮೊದಲ ಕರೆ

ಪ್ಲೊವ್ದಿವ್ ನಗರದ ಇಗರ್ಜಿಗಳಲ್ಲಿ ಇನ್ನೂ ಗಂಟೆ ಬಾರಿಸಿಲ್ಲ. ಕಿಟಕಿಯಾಚೆ ಹಿಮ ಗಟ್ಟಿಯಾಗಿ ಕೂತಿದೆ. ನೆವೆನಾ ತೆನೆವಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಫೋನು ಎತ್ತುತ್ತಾರೆ. ಇವತ್ತು ಸಂತ ಅತಾನಾಸನ ಹಬ್ಬ. ರೇಷ್ಮೆ ಅಂಗಿ ತೊಟ್ಟು ಬೆಟ್ಟ ಹತ್ತಿ, "ಹೋಗು ಚಳಿಗಾಲವೇ, ಬಾ ಬೇಸಿಗೆಯೇ" ಎಂದು ಕೂಗುವ ಸಂತ. ದೂರದ ಬೆಟ್ಟದೂರಿನ ಶಾಖ ಕೇಂದ್ರದಲ್ಲಿ, ಮನೆಮನೆಗೂ ಆಸ್ಪತ್ರೆಗೂ ಬಿಸಿನೀರು ಹರಿಸುವ ಪಾಳಿಯಲ್ಲಿರುವ ಎಂಜಿನಿಯರನ ಹೆಸರೂ ಅತಾನಾಸ್.

"ಹಬ್ಬದ ಶುಭಾಶಯ, ಅತಾನಾಸ್ ಅವರೇ. ನಿಮ್ಮ ಕಂಪ್ಯೂಟರಿಗೆ ಒಂದು ಶುಭಾಶಯ ಪತ್ರ ಬಂದಿರುತ್ತೆ. ದಯವಿಟ್ಟು ಅದನ್ನ ತೆರೀಬೇಡಿ."

"ಯಾರಮ್ಮಾ ನೀನು?"

"ಸೊಯ್ಕಾ ಅಂತ ಕಂಪನಿಯಿಂದ..."

"ಹೋದ ವಾರ ನಮ್ಮತ್ತೆಗೂ ಹಿಂಗೇ ಪೊಲೀಸು ಅಂತ ಹೇಳಿ ಬಳೆ ಬಿಚ್ಚಿಸ್ಕೊಂಡ್ರು. ಹಬ್ಬದ ದಿನಾನಾದ್ರೂ ದೇವರಿಗೆ ಹೆದರಮ್ಮಾ!"

ಫೋನು ಕಟ್ಟಾಗುತ್ತದೆ. ನೆವೆನಾ ನಗುತ್ತಾರೆ. "ಮೊದಲು ರೈಲ್ವೆ ಸ್ಟೇಷನ್ನಲ್ಲಿ ಗಾಡಿ ತಡ ಅಂತ ಮೈಕಲ್ಲಿ ಹೇಳೋ ಕೆಲಸ ನಂದು. ಬೈಸ್ಕೊಳ್ಳೋದು ಅಭ್ಯಾಸ ಆಗಿದೆ," ಎನ್ನುತ್ತಾರೆ. ಆ ಕೆಲಸವನ್ನು ಯಂತ್ರ ಕಿತ್ತುಕೊಂಡಾಗ ಅವರನ್ನು ಕರೆದದ್ದು ಸೊಯ್ಕಾ.

ಸೊಯ್ಕಾ ಎಂದರೆ ಕಾಡಿನಲ್ಲಿ ಆಪತ್ತು ಕಂಡೊಡನೆ ಕೂಗುವ ಹಕ್ಕಿ. ಆ ಹೆಸರಿನ ಈ ಕಂಪನಿ, ಹಿಂದೆ ಇಬ್ಬರು ಶಾಲಾ ಮೇಷ್ಟರು ಕಂಪ್ಯೂಟರ್ ಫ್ಲಾಪಿಗಳ ವೈರಸ್ ತೊಳೆಯಲು ತೆರೆದ ಅಂಗಡಿ. ಆಗ ವೈರಸ್ ಬರೆಯುತ್ತಿದ್ದವರು ತುಂಟ ಹುಡುಗರು. ಆಮೇಲೆ ದುಡ್ಡಿನ ಕಳ್ಳರು ಬಂದರು. ಅವರ ಹಿಂದೆ ದುಡ್ಡು ಮುಟ್ಟದವರು ಬಂದರು. ಸಚಿವಾಲಯದ ಪತ್ರ ಕದ್ದು ಓದುವವರು, ವಿದ್ಯುತ್ ಕೇಂದ್ರದೊಳಗೆ ತಿಂಗಳುಗಟ್ಟಲೆ ಸುಮ್ಮನೆ ಕಾಯುವವರು. ಯಾವುದೋ ದೇಶ ಸಂಬಳ ಕೊಟ್ಟು ಸಾಕಿದವರು. "ಸರ್ಕಾರಿ ಕಳ್ಳರು," ಎನ್ನುತ್ತಾರೆ ಸಂಸ್ಥೆಯ ಮುಖ್ಯಸ್ಥ ಲ್ಯೂಬೆನ್. "ಕಳ್ಳ ಯಾರು ಅಂತ ನಮ್ಮ ಹುಡುಗ್ರು ಹುಡುಕ್ತಾರೆ. ಮಲಗಿರೋ ಮನೆಯೋರನ್ನ ಎಬ್ಬಿಸೋಳು ನೆವೆನಾ."

ಕಳ್ಳರು ಈಗ ಈ ನಾಡಿನ ಪದ್ಧತಿಯನ್ನೂ ಕಲಿತಿದ್ದಾರೆ. ಇಲ್ಲಿ ಸಂತನ ಹಬ್ಬವೆಂದರೆ ಆ ಹೆಸರಿಟ್ಟುಕೊಂಡವರೆಲ್ಲರ ಮನೆಯ ಹಬ್ಬ. ಈ ಹೆಸರಿನ ಹಬ್ಬಕ್ಕೆ ಯಾರನ್ನೂ ಕರೆಯುವುದಿಲ್ಲ. ಬಂದವರನ್ನು ಯಾಕೆ ಬಂದಿರಿ ಎಂದು ಕೇಳುವುದೂ ಇಲ್ಲ. ಒಂದು ವರ್ಷ ಸಂತ ದಿಮಿತಾರನ ಹಬ್ಬದಂದು, ಕಳ್ಳರನ್ನು ಒಳಬಿಡುವ ಶುಭಾಶಯ ಪತ್ರ ತೆರೆದು ಹಳ್ಳಕ್ಕೆ ಬಿದ್ದವರೆಲ್ಲ ದಿಮಿತಾರರೇ. ಅಂದಿನಿಂದ ನೆವೆನಾರ ಫೋನಿನ ಪಕ್ಕ ಇಗರ್ಜಿಯ ಪಂಚಾಂಗ ತೂಗುತ್ತದೆ. ಕಳ್ಳರ ಕಂಪ್ಯೂಟರೊಂದರ ಮೇಲೆ ಕಣ್ಣಿಟ್ಟಿರುವ ಸೊಯ್ಕಾದ ತನಿಖೆಗಾರರು, ಪತ್ರ ಯಾರಿಗೆ ಹೊರಟಿತೆಂದು ಹೇಳುತ್ತಾರೆ. ಅವರು ಅದನ್ನು ತೆರೆಯುವ ಮೊದಲು ಮುಟ್ಟಬೇಕಾದದ್ದು ನೆವೆನಾರ ದನಿ. ಹತ್ತು ಕರೆಗಳಲ್ಲಿ ಆರರಲ್ಲಿ ಬೈಗುಳವೇ ಪ್ರಸಾದ.

ಅತಾನಾಸ್ ಎರಡನೆಯ ಸಲವೂ ಫೋನು ಇಟ್ಟಾಗ ನೆವೆನಾ ಅವನೂರಿನ ಬೇಕರಿಗೆ ಕರೆ ಮಾಡುತ್ತಾರೆ. ಹಬ್ಬದ ರೊಟ್ಟಿ ಸುಡುವವರು ಆ ಹೊತ್ತಿಗೆ ಎದ್ದೇ ಇರುತ್ತಾರೆ.

"ನನ್ನ ನಂಬಬೇಡಿ ತಾಯಿ. ಸೊಯ್ಕಾದ ನಂಬರನ್ನ ಅವರೇ ಹುಡುಕಿ ಫೋನ್ ಮಾಡ್ಲಿ, ಅಷ್ಟು ಹೇಳಿ ಸಾಕು."

"ಸುಳ್ಳಾದ್ರೆ ನನ್ನ ಗಂಟೇನು ಹೋಯ್ತು? ರೊಟ್ಟಿ ಕೊಡೋ ನೆಪದಲ್ಲಿ ಹೋಗ್ಬರ್ತೀನಿ," ಎನ್ನುತ್ತಾಳೆ ಬೇಕರಿಯ ಗಾನಾ.

ನೆವೆನಾ ಕಣ್ಣು ಮುಚ್ಚಿ ಕೂರುತ್ತಾರೆ. ತುಟಿ ಮಾತ್ರ ಅಲ್ಲಾಡುತ್ತದೆ. ಬಾಯ್ಲರುಗಳು ನಿಂತರೆ ಈ ಚಳಿಯಲ್ಲಿ ಕೊಳವೆಗಳು ಒಡೆಯುತ್ತವೆ, ಆಸ್ಪತ್ರೆಯಲ್ಲಿ ಹಸುಗೂಸುಗಳಿವೆ. ಫೋನು ಬಡಿದುಕೊಳ್ಳುತ್ತದೆ.

"ಅಕ್ಕಾ... ತೆರೆದುಬಿಟ್ಟೆ. ಹೂವು, ಮೇಣದಬತ್ತಿ, ನನ್ನ ಹೆಸರು ಎಲ್ಲಾ ಇತ್ತು."

"ಇರ್ಲಿ ಬಿಡಿ. ಕಂಪ್ಯೂಟರಿಂದ ಬಾಯ್ಲರಿಗೆ ಹೋಗೋ ವೈರು ಯಾವುದು ಗೊತ್ತಾ?"

"ನೀಲೀದು."

"ಕಿತ್ತುಹಾಕಿ. ಬಾಯ್ಲರನ್ನ ಕೈಯಲ್ಲೇ ನಡೆಸೋಕೆ ಬರುತ್ತಾ?"

"ನಮ್ಮಪ್ಪ ಅದನ್ನೇ ಮಾಡ್ತಿದ್ದ."

"ಹಾಗಾದ್ರೆ ಇವತ್ತು ಅಪ್ಪನ ಥರಾನೇ ನಡೆಸಿ. ನಮ್ಮೋರು ಹೊರಟಿದ್ದಾರೆ."

ಆ ಊರಲ್ಲಿ ಅಂದು ಯಾವ ಮನೆಯೂ ತಣ್ಣಗಾಗಲಿಲ್ಲ. ಅಲ್ಲಿ ಸಿಕ್ಕ ಜಾಡು ಹಿಡಿದು ಸೊಯ್ಕಾ ದೊಡ್ಡ ವರದಿ ಹೊರತಂದಿದೆ. ದೇಶವಿದೇಶದ ಪತ್ರಿಕೆಗಳು ಅದನ್ನು ಬರೆದಿವೆ. ವರದಿಯಲ್ಲಿ ಊರಿನ ಹೆಸರಿಲ್ಲ, ಅತಾನಾಸನ ಸುದ್ದಿಯಿಲ್ಲ. ಬಿದ್ದವರ ಗುಟ್ಟು ಕಾಯುವುದು ಇಲ್ಲಿಯ ನೇಮ. ಹಾಗಾಗಿ ಎಬ್ಬಿಸಿದವರ ಹೆಸರೂ ಬರುವುದಿಲ್ಲ. ಈ ಲೇಖನದಲ್ಲೂ ಊರಿನ ಹೆಸರು ಬೇಡವೆಂದು ನೆವೆನಾ ಕೈಮುಗಿದಿದ್ದಾರೆ.

ಮೊನ್ನೆ ಅತಾನಾಸ್ ಫೋನು ಮಾಡಿದ್ದ. "ಏನು ಕಳಿಸ್ಲಿ ಅಕ್ಕಾ ನಿಮಗೆ?"

"ಏನೂ ಕಳಿಸ್ಬೇಡ ಮಾರಾಯ, ನಾನು ತೆರೆಯಲ್ಲ!" ಎಂದು ನಕ್ಕರಂತೆ ನೆವೆನಾ.

ನೆವೆನಾ ಎಂದರೆ ಚೆಂಡುಹೂವು. ಹೂವಿನ ಹೆಸರಿನವರಿಗೆಲ್ಲ ಗರಿಗಳ ಭಾನುವಾರವೇ ಹಬ್ಬ. ಅಂದು ಅವರ ಮನೆಯಲ್ಲಿ ಮೀನಿನ ಅಡುಗೆ, ಬಾಗಿಲಿಗೆ ವಿಲೋ ಮರದ ಚಿಗುರು. ತಾವು ಎಬ್ಬಿಸಿದವರಲ್ಲಿ ಒಬ್ಬರಾದರೂ ಬಂದು ಒಂದು ತುತ್ತು ಉಂಡು ಹೋಗಲಿ ಎಂಬುದು ಅವರ ಆಸೆ. ಬೀಗ ಹಾಕಿ ಎಂದು ಊರಿಗೆಲ್ಲ ಹೇಳುವ ನೀವೇ ಬಾಗಿಲು ತೆರೆದಿಡುತ್ತೀರಾ ಎಂದರೆ, ಪಂಚಾಂಗದ ಹಾಳೆ ತಿರುವುತ್ತಲೇ ಹೇಳುತ್ತಾರೆ:

"ಯಂತ್ರದ ಬಾಗಿಲು ಮುಚ್ಚಿರ್ಲಿ ಅಂತ ತಾನೇ ನಾನು ಬೈಸ್ಕೊಳ್ಳೋದು? ಮನೆ ಬಾಗಿಲೂ ಮುಚ್ಚಿಸಿಬಿಟ್ರೆ ಆ ಕಳ್ಳರೇ ಗೆದ್ದಂಗೆ. ನಾನಿರೋವರೆಗೂ ಗೆಲ್ಲೋಕೆ ಬಿಡಲ್ಲ."