ಗೌಡರ ಬಂದೂಕಿನ ಬಾಯಿ

ಹುನಗುಂದದಲ್ಲಿ ಕುಲುಮೆ ಇಟ್ಟುಕೊಂಡಿದ್ದ ಕಾಲಕ್ಕೆ ನನ್ನಷ್ಟು ಸೊಕ್ಕಿನ ಕಂಬಾರ ಸುತ್ತ ಹತ್ತೂರಲ್ಲಿ ಇರಲಿಲ್ಲ. ಬಂಡಿಯ ಗಾಲಿಗೆ ಹಳಿ ಏರಿಸುವುದರಲ್ಲಿ ನನ್ನ ಕೈ ಪಳಗಿತ್ತು. ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ, ಕಟ್ಟಿಗೆಯ ಗಾಲಿಗೆ ತೊಡಿಸಿ ನೀರು ಸುರಿದರೆ ಕುಗ್ಗಿ ಹಿಡಿದುಕೊಳ್ಳುತ್ತದೆ. ಹೊಸ ಹಳಿಯ ಬಂಡಿಯನ್ನು ಮೊದಲು ಏರಬೇಕಾದವನು ಕಂಬಾರನೇ, ಒಡೆಯನಲ್ಲ. ಹಳ್ಳದ ತನಕ ಓಡಿಸಿಕೊಂಡು ಹೋಗಿ ಬಂದ ಮೇಲೆಯೇ ಒಡೆಯನ ಕೈಗೆ ಹಗ್ಗ. ಗಾಲಿ ಮುರಿದರೆ ಮೊದಲು ನಮ್ಮ ಸೊಂಟ ಮುರಿಯಲಿ ಎಂಬುದು ನಮ್ಮ ಮನೆತನದ ರೂಢಿ.

ಒಂದು ದಿನ ಮರೋಳದ ಗೌಡರು ಬಂದೂಕು ಹಿಡಿದುಕೊಂಡು ಬಂದರು. ಜೊತೆಗೆ ಬೆರಳುದ್ದದ ಒಂದು ಉಕ್ಕಿನ ಕೊಳವೆ.

"ಇದಕ್ಕ ಚೋಕ್ ಅಂತಾರ, ತಮ್ಮಾ. ಬಂದೂಕಿನ ಬಾಯಿಗೆ ಹೊರಗಿಂದ ತಿರುವಿ ಕೂಡಿಸೋದು. ಮೊದಲಿಂದು ಹೊಳ್ಯಾಗ ಬಿತ್ತು. ಇದನ್ನ ಮುಂಬಯಿಲಿಂದ ತರಿಸೀನಿ, ಒಂದೂವರಿ ಸುತ್ತು ಹೋಗಿ ನಿಂತುಬಿಡ್ತೈತಿ ನೋಡು."

ಅದನ್ನು ಕೈಗೆ ತೆಗೆದುಕೊಂಡವನಿಗೆ ಊಟದ ನೆನಪೂ ಆಗಲಿಲ್ಲ. ಹಿಂದಿನ ತುದಿಗಿಂತ ಮುಂದಿನ ತುದಿಯ ತೂತು ತುಸುವೇ ಸಣ್ಣದು. ಅಷ್ಟಕ್ಕೇ ತೋಟಾದೊಳಗಿನ ಸೀಸದ ಕಾಳುಗಳು ಚದುರದೆ ದೂರದ ತನಕ ಗುಂಪಾಗಿ ಹೋಗುತ್ತವಂತೆ. ಯಾಕೆ? ಕೂರಿಗೆಯ ಬಟ್ಟಲಿನಿಂದ ಜೋಳ ಇಳಿಯುವುದನ್ನು ನೆನೆದೆ. ಕೊಡದ ಬಾಯಿಗೆ ಅಂಗೈ ಅಡ್ಡ ಹಿಡಿದು ನೀರು ಸುರಿದೂ ನೋಡಿದೆ. ಅದೆಲ್ಲ ನನ್ನ ಧೋತರದ ಮೇಲೆ ಬಿತ್ತು. ಗೌಡರನ್ನು ಕೇಳಿದರೆ, "ನನಗೇನ್ ಗೊತ್ತು? ಮೊದಲಿಂದು ಇದ್ದಾಗ ಕವುಜುಗ ಹಕ್ಕಿ ಬೀಳತಿದ್ವು, ಈಗ ಹಾರಿ ಹೋಗ್ತಾವ," ಎಂದರು.

ತಿರುಪಿನ ಎಳೆ ಎಣಿಸಿದೆ. ಬೆರಳಗಲದಲ್ಲಿ ಬಂದೂಕಿಗೆ ಇದ್ದಷ್ಟು ಎಳೆ ಚೋಕಿಗೆ ಇರಲಿಲ್ಲ. ಬೇರೆ ಯಾವುದೋ ಬಂದೂಕಿಗೆ ಮಾಡಿದ್ದು ಅದು. ಉಕ್ಕೂ ಮೆದು. "ಆಗೂದಿಲ್ರಿ" ಎಂದು ಹಿಂದಕ್ಕೆ ಕೊಟ್ಟಿದ್ದರೆ ಮುಗಿದಿತ್ತು, ಆದರೆ ಆ ಮಾತು ನನ್ನ ಬಾಯಿಗೆ ಬರುತ್ತಲೇ ಇರಲಿಲ್ಲ. ನಾಳೆ ಬರ್ರಿ ಎಂದು ಗೌಡರನ್ನು ಕಳಿಸಿ, ಎರಡರ ಎಳೆಗಳನ್ನೂ ಅರದಿಂದ ತೇಯ್ದು ಹಾಕಿದೆ. ಚೋಕನ್ನು ಕೆಂಪಗೆ ಕಾಯಿಸಿ, ನಳಿಗೆಗೆ ಹಳಿಯಂತೆ ತೊಡಿಸಿ ನೀರು ಸುರಿದೆ. ಹಿಡಿದುಕೊಂಡಿತು. ಬಂದೂಕನ್ನು ಗಾಲಿ ಮಾಡಿದ ಮೂರ್ಖ ನಾನೊಬ್ಬನೇ ಇರಬೇಕು.

ಮರುದಿನ ಮುಂಜಾನೆ ನಳಿಗೆಯ ಹಿಂದಿನಿಂದ ಕಣ್ಣಿಟ್ಟು ನೋಡಿದೆ. ದೊಡ್ಡ ದುಂಡಿನ ನಟ್ಟನಡುವೆ ಸಣ್ಣ ದುಂಡು ಕಾಣಬೇಕು. ಅದು ಒಂದು ಮಗ್ಗುಲಿಗೆ ಸರಿದಿತ್ತು. ಎಡಕ್ಕೆ ಉಕ್ಕಿನ ಅಂಚು ಬಿದಿಗೆಯ ಚಂದ್ರನಂತೆ ನಳಿಗೆಯೊಳಗೆ ಇಣುಕುತ್ತಿತ್ತು. ನನ್ನ ಅರ ಒಂದು ಕಡೆ ಹೆಚ್ಚು ತಿಂದಿತ್ತು. ಗಾಲಿಯಾದರೆ ಕಟ್ಟಿಗೆ ತುಸು ಹೊಂದಿಕೊಳ್ಳುತ್ತದೆ. ಇಲ್ಲಿ ಸೀಸ ಆ ಅಂಚಿಗೆ ಬಡಿದರೆ ನಳಿಗೆ ಸೀಳಿ, ಹಿಡಿದವನ ಕೈ ಹೋಗಬಹುದು. ಹೆದರಿಕೆಯಾಯಿತು. ಆದರೆ ಕುಲುಮೆಯ ಮುಂದೆ ಆಗಲೇ ಅರ್ಧ ಓಣಿ ನೆರೆದಿತ್ತು. ರೂಢಿಯಂತೆ ಮೊದಲ ಗುಂಡು ನಾನೇ ಹೊಡೆಯಬೇಕಲ್ಲ. ಹೋದರೆ ನನ್ನ ಕೈ ಹೋಗಲಿ, ಮಾನ ಉಳಿಯಲಿ ಎಂದು ಸುಮ್ಮನಾದೆ.

ಗೌಡರು ಬಂದು ಬಂದೂಕು ಎತ್ತಿಕೊಂಡರು, ಎಲ್ಲರೂ ಹಳ್ಳದ ದಂಡೆಗೆ ಹೋದೆವು. ನಾನು ಕೈ ಚಾಚಿದೆ. ಗೌಡರು ಬಂದೂಕು ಕೊಡಲಿಲ್ಲ; ತೋಟಾ ತುಂಬಿ ತಮ್ಮ ಹೆಗಲಿಗೇ ಏರಿಸಿದರು.

"ಮೊದಲಿನ ಗುಂಡು ನಂದಲ್ರಿ?" ಎಂದೆ.

"ನೀ ಕೂಡಿಸಿದ್ದು, ತಮ್ಮಾ. ಅದನ್ನೇನ್ ಪರೀಕ್ಷಾ ಮಾಡೂದು," ಎಂದು ಎಡಗೈಯನ್ನು ನಳಿಗೆಯ ಕೆಳಗೆ ಕೊಟ್ಟರು.

ನನ್ನ ಕೈ ಪಣಕ್ಕಿಡುವ ಧೈರ್ಯ ನನಗಿತ್ತು, ಅವರದನ್ನಲ್ಲ. ಓಡಿ ಹೋಗಿ ಬಂದೂಕನ್ನು ಕಸಿದೆ. "ಹೊಡೀಬ್ಯಾಡ್ರಿ ಗೌಡ್ರ. ಚೋಕ್ ವಾರಿ ಕುಂತೈತಿ, ಒಂದ್ ಮಗ್ಗಲಕ್ಕ ಸರದೈತಿ. ಮುಂಜಾನೇನ ನನಗ ಗೊತ್ತಾಗಿತ್ತು." ಅಷ್ಟೂ ಜನ ಕೇಳಿಸಿಕೊಂಡರು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಬಂದೂಕನ್ನು ಬೇವಿನ ಬುಡಕ್ಕೆ ಬಿಗಿದು, ಬೆರಳಿಂದ ಎಳೆಯುವ ಅದರ ಕುದುರೆಗೆ ಹಗ್ಗ ಕಟ್ಟಿ ದೂರದಿಂದ ಎಳೆದೆವು. ಚೋಕ್ ಎಲ್ಲಿ ಹಾರಿತೋ ಸಿಗಲೇ ಇಲ್ಲ. ನಳಿಗೆ ಬಾಯಿಯಿಂದ ಕೈ ಹಿಡಿಯುವ ಜಾಗದ ತನಕ ಸೀಳಿತ್ತು. ಗೌಡರು ಅದನ್ನು ಮುಟ್ಟಿ ನೋಡಿದರು, ಆಮೇಲೆ ತಮ್ಮ ಎಡಗೈ ನೋಡಿಕೊಂಡರು. ಸೀಳಿದ ಬಂದೂಕನ್ನು ಹೆಗಲಿಗೇರಿಸಿ ಹೊರಟುಹೋದರು.

ಇನ್ನವರು ನನ್ನ ಕುಲುಮೆಯ ಕಡೆ ತಲೆ ಹಾಕುವುದಿಲ್ಲ ಅಂದುಕೊಂಡೆ. ಸುಗ್ಗಿ ಮುಗಿದ ಮೇಲೆ ಬಂಡಿ ಹೊಡೆದುಕೊಂಡು ಬಂದರು, ಎರಡೂ ಗಾಲಿಗೆ ಹೊಸ ಹಳಿ ಬೇಕೆಂದು. ಏರಿಸಿದೆ. ಎತ್ತು ಹೂಡಿ ರೂಢಿಯಂತೆ ಹತ್ತಲು ಹೋದರೆ ಗೌಡರು ಆಗಲೇ ಬಂಡಿಯಲ್ಲಿ ಕೂತಿದ್ದರು.

"ಇಳೀರಿ ಗೌಡ್ರ, ಮೊದಲ ನಾ ಹೋಗಿ ಬರ್ತೇನಿ," ಎಂದೆ.

ಅವರು ಇಳಿಯಲಿಲ್ಲ. ಪಕ್ಕಕ್ಕೆ ಸರಿದು ಜಾಗ ಮಾಡಿದರು. "ಏನರ ವಾರಿ ಇದ್ರ ನೀ ಹೇಳ್ತೀಯಲ್ಲ," ಎಂದರು. "ಹತ್ತು."