ಒಲೆ ಮೊದಲು, ತೆನೆ ಆಮೇಲೆ

ಜಸ್ಮತಿ ನನ್ನ ಗಂಡನ ಸೋದರತ್ತೆ. ಫಿಜಿಯ ನಮ್ಮ ಸಿಂಗಟೋಕಾ ಕಣಿವೆಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ. ಎಲ್ಲರಿಗೂ ಅವರು ಫೂವಾ, ಅಂದರೆ ಅತ್ತೆ. ಇಡೀ ಕಣಿವೆಗೆ ಅತ್ತೆಯಾಗಲು ಬೇಕಾದಷ್ಟು ಬಾಯಿಯನ್ನು ದೇವರು ಅವರಿಗೆ ಧಾರಾಳವಾಗಿಯೇ ಕೊಟ್ಟಿದ್ದಾನೆ.

ವಯಸ್ಸು ಎಪ್ಪತ್ತೊಂದು. ಅದರಲ್ಲಿ ಮೂವತ್ತೆಂಟು ವರ್ಷ ಹೆದ್ದಾರಿಯ ಪಕ್ಕದ ಒಂದು ಮಾವಿನ ಮರದ ಕೆಳಗೆ ಜೋಳ ಸುಡುತ್ತ ಕಳೆದಿದೆ. ಡ್ರಮ್ಮನ್ನು ಉದ್ದಕ್ಕೆ ಸೀಳಿ ಮಾಡಿದ ಒಲೆ, ತೆಂಗಿನ ಕರಟದ ಕೆಂಡ, ಮೇಲೆ ತುಕ್ಕು ಹಿಡಿದ ಜಾಲರಿ. ಬೆನ್ನ ಹಿಂದೆಯೇ ಅವರ ಜೋಳದ ಹೊಲ, ಪಕ್ಕದಲ್ಲೇ ನಾವೆಲ್ಲ ಇರುವ ಮನೆ. ಅವರ ಶಾಸ್ತ್ರ ಒಂದೇ: ಕೆಂಡ ಹಣ್ಣಾದ ಮೇಲೆ ತೆನೆ ಮುರಿಯಬೇಕು. ಕಾರು ನಿಂತರೆ ಒಳಗಿರುವ ತಲೆ ಎಣಿಸುತ್ತಾರೆ, ಹೊಲಕ್ಕೆ ಇಳಿಯುತ್ತಾರೆ, ಅಷ್ಟೇ ತೆನೆ ಮುರಿದು ತರುತ್ತಾರೆ. ಮುಸುಕಿನ ಸಮೇತ ಒಂದು ಸುತ್ತು ಸುಟ್ಟು, ಮುಸುಕು ಹಿಂದಕ್ಕೆ ಜಗ್ಗಿ, ಬರಿಮೈಗೆ ಇನ್ನೊಂದು ಸುತ್ತು. ನಿಂಬೆ, ಉಪ್ಪು, ಖಾರ. ಅವಸರದವರು ಹಾರ್ನ್ ಹೊಡೆದರೆ ಹೊಲದ ಒಳಗಿಂದಲೇ ಉತ್ತರ ಬರುತ್ತದೆ.

"ಹಾರ್ನ್ ಹೊಡೆದ್ರೆ ಜೋಳ ಬೇಗ ಬಲಿಯುತ್ತಾ ಬೇಟಾ? ಹೊಡಿ, ಹೊಡಿ, ಗೊಬ್ಬರದ ಖರ್ಚು ಉಳೀತು."

ನಾನು ರಾಜಧಾನಿ ಸುವಾದಲ್ಲಿ ಹುಟ್ಟಿ ಓದಿದವಳು. ಮದುವೆಯಾದ ಹೊಸತರಲ್ಲಿ, ಮುರಿದ ತೆನೆಯ ಸಕ್ಕರೆ ಹತ್ತು ನಿಮಿಷದಲ್ಲಿ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಅವರಿಗೆ ವಿಜ್ಞಾನ ಹೇಳಲು ಹೋದೆ.

"ದುಲ್ಹಿನ್," ಎಂದರು. ಸೊಸೆಯನ್ನು ಹಾಗೆ ಕರೆಯುವುದು ನಮ್ಮಲ್ಲಿ ಪ್ರೀತಿಯ ರೂಢಿ, ಅವರ ಬಾಯಲ್ಲಿ ಎಚ್ಚರಿಕೆಯ ಗಂಟೆ. "ನಿಮ್ಮ ಸುವಾದಲ್ಲಿ ಜೋಳ ಡಬ್ಬಿಯಲ್ಲಿ ಹುಟ್ಟುತ್ತೆ. ಡಬ್ಬಿಗೇನು ಗೊತ್ತು?"

ಮಗಳು ಅನೀಶ್ಕಾಗೆ ಒಂದೂವರೆ ವರ್ಷ. ಜೋಳದ ಕಾಳಿನ ಸಿಪ್ಪೆ ಗಂಟಲಿಗೆ ಸಿಕ್ಕಿಕೊಂಡೀತು ಎಂದು ಒಂದೊಂದೇ ಕಾಳನ್ನು ಸುಲಿದು ಕೊಡುತ್ತೇನೆ. ಹೊಗೆ ತಾಕೀತು ಎಂದು ಗಾಳಿ ತಿರುಗಿದಂತೆಲ್ಲ ಅವಳನ್ನು ಎತ್ತಿಕೊಂಡು ಜಾಗ ಬದಲಿಸುತ್ತೇನೆ. ಫೂವಾ ಇದನ್ನು ಬಹಳ ಹೊತ್ತು ನೋಡಿ ಒಮ್ಮೆ ಹೇಳಿದರು: "ಬಂದಿರೋ ಹಲ್ಲಿಗೆ ಕೆಲಸ ಕೊಡು. ಇಲ್ಲಾಂದ್ರೆ ಅದು ನಿನ್ನನ್ನೇ ಕಚ್ಚುತ್ತೆ."

ಮಾವಿನ ಮರ ಫೂವಾರದಲ್ಲ. ಅದು ನಿಂತ ನೆಲ ಪಕ್ಕದ ಫಿಜಿಯನ್ ಹಳ್ಳಿಗೆ ಸೇರಿದ್ದು. ಆ ಹಳ್ಳಿಯ ಹಿರಿಯ ಅಪಿಸಾಯಿ, ಸೌಮ್ಯ ಮನುಷ್ಯ, ಹೋದ ವರ್ಷ ಸೇತುವೆಯ ಬುಡದಲ್ಲಿ ವ್ಯಾಪಾರಿಗಳಿಗೆಂದು ಚೆಂದದ ಶೆಡ್ಡು ಕಟ್ಟಿಸಿದರು. ತಗಡಿನ ಮಾಡು, ಸಿಮೆಂಟಿನ ಕಟ್ಟೆ, ನಲ್ಲಿ, ನಂಬರು ಬರೆದ ಹನ್ನೆರಡು ಮಳಿಗೆ. ರಿಬ್ಬನ್ನೂ ಕತ್ತರಿಸಿದರು. ಇಲ್ಲದ್ದು ವ್ಯಾಪಾರಿಗಳು ಮಾತ್ರ. ರಸ್ತೆ ಬದಿಯ ಅನಾನಸಿನವರು, ಕಲ್ಲಂಗಡಿಯವರು ಎಲ್ಲರದ್ದೂ ಒಂದೇ ಮಾತು: "ಫೂವಾ ಬರಲಿ, ಹಿಂದೇನೇ ನಾವು."

ಹಾಗಾಗಿ ಒಂದು ಮಧ್ಯಾಹ್ನ ಅಪಿಸಾಯಿ ಯಂಗೋನಾ ಬೇರಿನ ಕಟ್ಟೊಂದನ್ನು ಪತ್ರಿಕೆಯಲ್ಲಿ ಸುತ್ತಿಕೊಂಡು ಬಂದರು. ಆ ಬೇರನ್ನು ಕುಟ್ಟಿ ನೀರಿಗೆ ಹಿಂಡಿ ಕುಡಿಯದ ಮನೆ ನಮ್ಮಲ್ಲಿ ಯಾವುದೂ ಇಲ್ಲ. ಆದರೆ ಯಾರಾದರೂ ಕಟ್ಟನ್ನು ಮುಂದಿಟ್ಟು ಏನಾದರೂ ಕೇಳಿದರೆ ಲೆಕ್ಕವೇ ಬೇರೆ. ಕಟ್ಟು ಸ್ವೀಕರಿಸಿದರೆ ಕೇಳಿದ್ದಕ್ಕೂ ಒಪ್ಪಿದಂತೆ. ಫೂವಾಗೆ ಇದು ಗೊತ್ತಿಲ್ಲವೇ? ಕಟ್ಟು ಕಂಡದ್ದೇ ತಡ, ಎರಡೂ ಕೈಗೆ ಎರಡೆರಡು ತೆನೆ ಹಿಡಿದರು.

"ಕೂತ್ಕೊಳ್ಳಿ ತುರಾಗಾ. ಕೈ ಖಾಲಿ ಇಲ್ಲ ನೋಡಿ."

ತುರಾಗಾ ಎಂಬುದು ಊರ ಹಿರಿಯರಿಗೆ ಸಲ್ಲುವ ಮರ್ಯಾದೆಯ ಮಾತೇ. ಅಪಿಸಾಯಿ ಕೂತರು. ಒಂದು ಗಂಟೆ ಕೂತರು. "ಸೇತುವೆ ಹತ್ತಿರ ಒಂದನೇ ನಂಬರ್ ಮಳಿಗೆ ನಿಮಗೇಂತ ಇಟ್ಟಿದೀನಿ ಫೂವಾ" ಎಂದರು. ನಾಲ್ಕು ತೆನೆ ತಿಂದರು. ಫೂವಾರ ಕೈ ಖಾಲಿಯಾಗಲೇ ಇಲ್ಲ. ಕೊನೆಗೆ ಕಟ್ಟನ್ನು ಬೆಂಚಿನ ಮೇಲಿಟ್ಟು, "ಇದು ಇಲ್ಲೇ ಇರಲಿ. ಉತ್ತರಕ್ಕೆ ನಾಳೆ ಬರ್ತೀನಿ" ಎಂದು ಎದ್ದರು.

ಮುಟ್ಟದೆ ಬಿಟ್ಟರೆ ಮರುದಿನ ಅವರೇ ಒಯ್ಯುತ್ತಿದ್ದರು, ಯಾರಿಗೂ ಮುಖಭಂಗವಿಲ್ಲದೆ ಕತೆ ಮುಗಿಯುತ್ತಿತ್ತು. ಆದರೆ ಈ ಮನೆಯಲ್ಲಿ ನನ್ನ ಗಂಡ ಪರ್ನೀಲ್ ಎಂಬ ಉಪಕಾರಿ ಜೀವವೊಂದಿದೆ. ಮಗಳ ಔಷಧಿ ತಾ ಎಂದು ನಾಲ್ಕು ಸಲ ಹೇಳಿದರೂ ಕೇಳದ ಆ ಕಿವಿಗೆ, ಬೆಂಚಿನ ಮೇಲಿನ ಕಟ್ಟು ಮಾತ್ರ ದೂರದಿಂದಲೇ ಹೆಸರು ಹಿಡಿದು ಕರೆದದ್ದು ಕೇಳಿಸಿತು. ಫೂವಾ ಹೊಲದಲ್ಲಿದ್ದರು, ನಾನು ಮಗುವಿನ ಜ್ವರ ನೋಡುತ್ತಿದ್ದೆ. ಜ್ವರ ಇರಲಿಲ್ಲ, ನೋಡುತ್ತಿದ್ದೆ ಅಷ್ಟೆ. ಅಂಗಳದಲ್ಲಿ ಕಬ್ಬಿಣದ ಒರಳು ಟಣ್ ಟಣ್ ಎಂದಿತು. ಆ ಸದ್ದು ಕೇಳಿ ಸುತ್ತಲ ಐದು ಮನೆಯ ಗಂಡಸರು ಚಾಪೆ ಹಿಡಿದು ಬಂದರು. ಫೂವಾ ಬುಟ್ಟಿ ಹೊತ್ತು ಬರುವಾಗ ಎರಡನೇ ಸುತ್ತು ನಡೆದಿತ್ತು.

"ಪರ್ನೀಲ್, ಅದು ಯಾವ ಕಟ್ಟೋ?"

"ಬೆಂಚಿನ ಮೇಲಿತ್ತು ಫೂವಾ. ಯಾರೋ ನಿಮ್ಮ ಅಭಿಮಾನಿ ಇರ್ಬೇಕು. ಒಳ್ಳೇ ಮಾಲು! ನಿಮಗೂ ಒಂದು ಬಟ್ಟಲು ಹಾಕ್ಲಾ?"

ಫೂವಾ ಬುಟ್ಟಿ ಇಳಿಸಿದರು. "ನನ್ನ ಮರಾನ ಕುಡಿದುಬಿಟ್ಯಲ್ಲೋ, ಬೇವಕೂಫ!"

ಕುಡಿದವರೆಲ್ಲ ತಮ್ಮ ತಮ್ಮ ಬಟ್ಟಲಿನ ತಳ ಪರೀಕ್ಷಿಸಿದರು. ಬೇರೆ ಕಟ್ಟು ತಂದು ಅಲ್ಲೇ ಇಟ್ಟುಬಿಡೋಣ, ಯಾರಿಗೂ ತಿಳಿಯುವುದಿಲ್ಲ ಎಂದು ನಾನು ಹೇಳಿದೆ.

"ಕುಟ್ಟಿದ ಸದ್ದು ಪಕ್ಕದ ಹಳ್ಳಿವರೆಗೂ ಹೋಗಿದೆ ದುಲ್ಹಿನ್. ಅದನ್ನ ಯಾವ ಅಂಗಡಿಯಿಂದ ವಾಪಸ್ ತರ್ತೀಯಾ?"

ಸೋಮವಾರ ಫೂವಾ ಒಂದನೇ ನಂಬರಿಗೆ ಹೋದರು. ಒಲೆ ಹೋಯಿತು, ಜಾಲರಿ ಹೋಯಿತು. ಹೊಲವೊಂದು ಬರಲಿಲ್ಲ. ಪರ್ನೀಲ್ ಪ್ರಾಯಶ್ಚಿತ್ತವೆಂಬಂತೆ ಬುಟ್ಟಿ ತುಂಬ ತೆನೆ ಮುರಿದು, ಹದಿನೈದು ನಿಮಿಷ ಗಾಡಿ ಓಡಿಸಿ ತಂದ. ಕೆಂಡ ಹದವಾಗಿತ್ತು, ಗಿರಾಕಿಗಳೂ ನಿಂತಿದ್ದರು. ಫೂವಾ ಒಂದು ತೆನೆಯ ಮುಸುಕು ಸರಿಸಿ ಕಾಳಿಗೆ ಉಗುರು ಒತ್ತಿ ನೋಡಿದರು.

"ಇವು ಸತ್ತು ಕಾಲು ಗಂಟೆಯಾಗಿದೆ. ಹೆಣ ಸುಡೋ ಜಾಗ ನದಿ ಆಚೆ ಇದೆ, ಅಲ್ಲಿಗೆ ಒಯ್ಯಿ."

ನಾನೇ ಎರಡು ತೆನೆ ಸುಟ್ಟು ತಿಂದೆ. "ಸಿಹಿಯಾಗೇ ಇದೆ ಫೂವಾ."

"ಮದುವೆಯಾಗಿ ಬಂದ ದಿನ ನೀನೂ ಸಿಹಿಯಾಗೇ ಇದ್ದೆ."

ಗಿರಾಕಿಗಳು ನಕ್ಕರು. ಫೂವಾ ನಗಲಿಲ್ಲ. ಮೂರು ದಿನ ಬೆಳಿಗ್ಗೆ ಒಲೆ ಹಚ್ಚಿದರು, ಕೆಂಡ ತಾನಾಗಿ ಬೂದಿಯಾಗುವವರೆಗೆ ನೋಡುತ್ತ ಕೂತರು. ನನಗೆ ಅವರ ರಕ್ತದೊತ್ತಡದ ಭಯ, ಸಕ್ಕರೆ ಕಾಯಿಲೆಯ ಭಯ, ಊಟ ಅರ್ಧಕ್ಕೆ ಬಿಟ್ಟು ಏಳುತ್ತಾರೆಂಬ ಭಯ. ಯಾರು ತಿಂದರೂ ವ್ಯತ್ಯಾಸ ತಿಳಿಯದು, ಸುಟ್ಟುಕೊಟ್ಟುಬಿಡಿ ಎಂದೆ.

"ಅವರಿಗೆ ತಿಳಿಯಲ್ಲ ಅಂತ ನಂಗೂ ಗೊತ್ತು," ಎಂದರು, ಈ ಸಲ ಮೆಲ್ಲಗೆ. "ನನ್ನ ಕೈಗೆ ತಿಳಿಯುತ್ತಲ್ಲ. ಒಂದು ಸಲ ಹಳಸಿದ್ದು ಸುಟ್ಟರೆ ಈ ಕೈ ನಾಳೆ ಏನು ಬೇಕಾದರೂ ಸುಡುತ್ತೆ. ಅದಕ್ಕಿಂತ ಒಲೆ ಮಾರಿಬಿಡ್ತೀನಿ."

ಅದು ಬರಿಯ ಬಾಯಿಮಾತಲ್ಲ. ಆ ಸಂಜೆಯೇ ಗುಜರಿಯವನೊಬ್ಬ ಬಂದು ಡ್ರಮ್ಮಿನ ತಳ ತಟ್ಟಿ ನೋಡಿ ಹೋದ. ಅಷ್ಟು ದಿನವೂ ಈ ಮುದುಕಿಯದ್ದು ಹಠ ಎಂದುಕೊಂಡಿದ್ದವಳು, ಸುಟ್ಟುಕೊಡಿ ಎಂದು ಹೇಳುವುದನ್ನು ಅಲ್ಲಿಗೇ ಬಿಟ್ಟೆ.

ಗುರುವಾರ ಅಪಿಸಾಯಿ ತಮ್ಮ ತುಂಬಿದ ಶೆಡ್ಡನ್ನು ನೋಡಲು ಬಂದರು. ಹನ್ನೆರಡೂ ಮಳಿಗೆ ಭರ್ತಿ. ಫೂವಾ ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ, ಕೈ ಕಟ್ಟಿಕೊಂಡು ಮಾತಾಡಿದರು. ಅವರು ಕೈ ಕಟ್ಟಿಕೊಂಡದ್ದನ್ನು ನಾನು ಅದೇ ಮೊದಲು ಕಂಡದ್ದು.

"ತುರಾಗಾ, ನೀವು ಕೇಳಿದ್ದನ್ನ ಕೊಟ್ಟೆ. ಈಗ ನಾನು ಕೇಳ್ತಾ ಇದೀನಿ. ಶೆಡ್ಡಿನ ಹಿಂದೆ ಒಂದು ತುಂಡು ನೆಲ ಇದೆಯಲ್ಲ, ನನಗೆ ಬೇಕು."

ನಾಲ್ಕು ಜನರ ಎದುರು ಬಾಯಿಬಿಟ್ಟು ಕೇಳಿದವರಿಗೆ ಇಲ್ಲ ಎನ್ನುವುದು ಅಪಿಸಾಯಿಯ ಜನರಲ್ಲಿ ದೊಡ್ಡ ಅವಮಾನ, ಕೇಳಿದವರಿಗಲ್ಲ, ಇಲ್ಲ ಎಂದವರಿಗೆ. ಅವರು ತಲೆ ಕೆರೆದುಕೊಂಡರು.

"ಅಲ್ಲಿ ನಮ್ಮ ರಗ್ಬಿ ತಂಡ ಅಭ್ಯಾಸ ಮಾಡುತ್ತೆ ಫೂವಾ."

"ಗೆದ್ದಿದೆಯಾ?"

ಅಪಿಸಾಯಿ ಆ ನೆಲದ ಕಡೆ ಕೈ ಬೀಸಿದರು. "ಆಯ್ತು, ತಗೊಳ್ಳಿ."

ಬಿತ್ತಿದ್ದು ಮರುದಿನವೇ. ಜೋಳ ತೆನೆ ಕಟ್ಟಲು ಎಪ್ಪತ್ತು ದಿನ ಚಿಲ್ಲರೆ ಬೇಕು. ಅಷ್ಟೂ ದಿನ ಫೂವಾ ತಣ್ಣನೆಯ ಒಲೆಯ ಹಿಂದೆ ರಾಣಿಯಂತೆ ಕೂತು, ಜೋಳ ಕೇಳಿದವರಿಗೆಲ್ಲ ಇನ್ನೆಷ್ಟು ದಿನ ಎಂದು ಹೇಳಿ ಕಳಿಸಿದರು. ಗುಜರಿಯವನನ್ನೂ ಕಳಿಸಿದರು. ಮೈದಾನ ಕಳೆದುಕೊಂಡ ರಗ್ಬಿ ತಂಡಕ್ಕೆ ಬಕೆಟ್ಟಿನಲ್ಲಿ ನೀರು ಹೊರುವ ಅಭ್ಯಾಸ ಸಿಕ್ಕಿತು. ಪರ್ನೀಲ್ ಕಳೆ ಕಿತ್ತ. ಬೆಂಚಿನ ಮೇಲಿನ ವಸ್ತುಗಳನ್ನು ಮುಟ್ಟುವುದನ್ನು ಬಿಟ್ಟ.

ಎಪ್ಪತ್ತನಾಲ್ಕನೆಯ ದಿನ ಕರಟ ಉರಿಯಿತು. ಕೆಂಡದ ಮೇಲೆ ಬೂದಿಯ ತೆಳು ಪೊರೆ ಮೂಡುವವರೆಗೆ ಫೂವಾ ಅಲ್ಲಾಡಲಿಲ್ಲ. ಆಮೇಲೆ ಶೆಡ್ಡಿನ ಹಿಂದೆ ಹೋಗಿ ಒಂದೇ ಒಂದು ತೆನೆ ಮುರಿದು ತಂದು ಸುಟ್ಟರು. ಹನ್ನೊಂದು ಜನ ಸಾಲಿನಲ್ಲಿದ್ದರು, ಅಪಿಸಾಯಿ ಮೊದಲಿಗರು. ಆ ತೆನೆ ಯಾರಿಗೂ ಸಿಗಲಿಲ್ಲ. ಉಪ್ಪಿಲ್ಲ, ನಿಂಬೆಯಿಲ್ಲ, ಫೂವಾ ಅದನ್ನು ಅಲ್ಲೇ ನಿಂತು, ಸಾಲಿನ ಎದುರು, ದಿಂಡು ಬರಿದಾಗುವವರೆಗೆ ತಾವೇ ತಿಂದರು.

"ಹೇಗಿದೆ?" ಅಪಿಸಾಯಿ ಕೇಳಿದರು. ಅವರ ದನಿಯಲ್ಲಿ ಪರೀಕ್ಷೆಗೆ ಕೂತವರ ಅಳುಕಿತ್ತು. "ಮರದ ಹತ್ತಿರದ್ದರ ಹಾಗೇ ಇದೆಯಾ?"

"ಇಲ್ಲ. ಕಡಲ ಗಾಳಿ ಹತ್ರ ಆಯ್ತು. ಮಣ್ಣಲ್ಲೇ ಒಂದು ಚಿಟಿಕೆ ಉಪ್ಪಿದೆ." ಫೂವಾ ಸೆರಗಿನಲ್ಲಿ ಬಾಯಿ ಒರೆಸಿಕೊಂಡರು. "ಸವರುವಾಗ ಕಮ್ಮಿ ಹಾಕಿದ್ರೆ ಆಯ್ತು. ಎಷ್ಟು ಜನ ಇದೀರಿ?"

ಎಣಿಸಿಕೊಂಡು, ಬುಟ್ಟಿ ಎತ್ತಿಕೊಂಡು, ಹಿಂದಕ್ಕೆ ಹೋದರು.