ಮಹಡಿಯ ಬೇಸ್ ಗಿಟಾರು

ಪಂಕ್ ಎಂಬ ಅಬ್ಬರದ ರಾಕ್ ಸಂಗೀತದ ತಂಡದಲ್ಲಿ ಬೇಸ್ ಗಿಟಾರು ನುಡಿಸುವವನೆಂದರೆ ಎಲ್ಲ ಫೋಟೋಗಳಲ್ಲೂ ಅರ್ಧ ಭುಜ ಮಾತ್ರ ಬಿದ್ದಿರುವ ಮನುಷ್ಯ. ನಮ್ಮ ಮಹಡಿಯ ಬಾಡಿಗೆದಾರ ಅಂಥವನು. ತಲೆ ನರೆತರೂ ಕೂದಲು ಮುಳ್ಳುಹಂದಿಯ ಹಾಗೆ ನಿಂತೇ ಇತ್ತು. ಹರಿದ ಜಾಕೆಟ್ಟನ್ನು ಪಿನ್ನುಗಳೇ ಹಿಡಿದುಕೊಂಡಿದ್ದವು. ತಂಡ ಚೆದುರಿ ಎಷ್ಟೋ ಕಾಲವಾಗಿತ್ತು. ಹಾಡುವವನು ವಿಮೆ ಮಾರಲು ಹೋದ, ಡ್ರಮ್ಮಿನವನು ಮಾವನ ಅಂಗಡಿ ಸೇರಿದ. ಇವನೊಬ್ಬ ಮಾತ್ರ ದಿನಾ ಸಂಜೆ ತನ್ನ ಪಾಲಿನ ಧುಂ ಧುಂ ನುಡಿಸಿ, ಅವರ ಸರದಿ ಬಂದಲ್ಲಿ ಕೈ ತಡೆದು ಕಾಯುತ್ತಿದ್ದ. ಕೆಳಗೆ ನಮ್ಮ ಸೋದರತ್ತೆಯ ಕಪಾಟಿನಲ್ಲಿ ಲೋಟಗಳೆಲ್ಲ ನಡುಗುತ್ತಿದ್ದವು. “ಇವನ ಮನೆ ಹಾಳಾಗ” ಎಂದು, ಅದು ತನ್ನದೇ ಮನೆ ಎಂಬುದನ್ನೂ ಮರೆತು, ಅತ್ತೆ ಪೊರಕೆಯ ಹಿಡಿಯಿಂದ ಚಾವಣಿ ಕುಟ್ಟುತ್ತಿದ್ದಳು. ಅವನು ಆ ಕುಟ್ಟಿಗೇ ತಾಳ ಹೊಂದಿಸಿಕೊಂಡು ಇನ್ನಷ್ಟು ಹುರುಪಿನಿಂದ ನುಡಿಸುತ್ತಿದ್ದ. ಮೆಟ್ಟಿಲಲ್ಲಿ ಎದುರಾದರೆ, “ನಿನ್ನೆ ಸ್ವಲ್ಪ ಅವಸರ ಮಾಡಿದ್ರಿ ಅಮ್ಮ. ಪರವಾಗಿಲ್ಲ, ಕೈ ಕುದುರ್ತಿದೆ” ಅನ್ನುತ್ತಿದ್ದ. ಅತ್ತೆ ಮುಖ ತಿರುವಿಕೊಂಡು ಹೋಗುತ್ತಿದ್ದಳು. ಈಗ ಅವನಿಲ್ಲ, ಮಹಡಿ ಖಾಲಿ, ಲೋಟಗಳು ಅಲುಗುವುದಿಲ್ಲ. ಆದರೂ ಸಂಜೆಯಾದರೆ ಅತ್ತೆ ಪೊರಕೆಯನ್ನು ತಲೆಕೆಳಗಾಗಿ ಹಿಡಿದು ಚಾವಣಿ ಕುಟ್ಟುತ್ತಾಳೆ; ಆಮೇಲೆ, ಅವನ ಸರದಿ ಬಂದಲ್ಲಿ, ಕೈ ತಡೆದು ಕಾಯುತ್ತಾಳೆ.